ಗಾಲಿಕುರ್ಚಿ ಎಲ್ಲೈತ್ರೀ?

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಕಡೆ ಹೋದಾಗ ಯಾವುದಾದರೂ ಪಾರ್ಕಿಂಗಿನಲ್ಲಿ ಅಂಗವಿಕಲರಿಗೆಂದು ಬಳಿದ ನೀಲಿ ಬಣ್ಣ ಇನ್ನೂ ಅಳಿಸದೆ ಉಳಿದಿದ್ದರೆ, ಅಲ್ಲಿ ಕಾರು ನಿಲ್ಲಿಸಿ ನೋಡಿ. ಸೀಟಿ ಊದುತ್ತ ಸೆಕ್ಯುರಿಟಿಯವ ಬರುತ್ತಾನೆ. "ಗಾಲಿಕುರ್ಚಿ ಎಲ್ಲೈತ್ರೀ?" ಮಗುವಿಗೆ ಆಟಿಸಂ (ಮಾತು, ಬೆರೆಯುವಿಕೆ, ನಡವಳಿಕೆ ಭಿನ್ನವಾಗಿರುವ ಸ್ಥಿತಿ) ಇದೆ ಅಂದರೆ ಅದರ ಕಾಲು ನೋಡಿ ತೀರ್ಪು ಕೊಡುತ್ತಾನೆ: "ಹುಡುಗ ಕುದುರಿಗತೆ ಓಡತಾನಲ್ರೀ!"

ಅದss ತೊಂದ್ರಿ ನೋಡಪಾ. ಓಡತಾನ.

ಅಪಾಯದ ಭಯವಿಲ್ಲದೆ ಓಡುವುದು ಪಾಲಕರು ಕಟ್ಟಿದ ಕಥೆಯಲ್ಲ, ಸರ್ಕಾರದ್ದೇ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅದನ್ನು ಅಳೆಯಲು ಇಸಾ ಎಂಬ ಪರೀಕ್ಷೆಯಿದೆ: 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಅದರಲ್ಲೊಂದು, ಮಗುವಿಗೆ ಅಪಾಯದ ಭಯವಿಲ್ಲವೇ ಎಂಬುದು. ತಪಾಸಣೆಯ ದಿನ ಮಗು ಕಮಕ್ ಕಿಮಕ್ ಎನ್ನದೆ ಕೂತುಬಿಟ್ಟರೆ ಅಂಕ ಕಡಿಮೆ ಬೀಳಬಹುದು. ಥೆರಪಿ ವರದಿ, ಶಾಲೆಯ ಪತ್ರ, ಬೀದಿಗೆ ಓಡಿದ ವಿಡಿಯೊ ಒಯ್ದಿರಬೇಕು. ಭಯವಿಲ್ಲ ಎಂದು ಬರೆದು, ಸೀಲು ಹೊಡೆದು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಕೊಟ್ಟ ಮೇಲೆ ಅದೇ ಮಗುವನ್ನು ಆಟೊ, ಟಂಟಂ, ಬೈಕುಗಳ ನಡುವೆ ನಡೆಸಿಕೊಂಡು ಬನ್ನಿ ಎನ್ನುತ್ತಾರೆ. ಕಾರ್ಡಿನಲ್ಲಿ ಅಂಗವೈಕಲ್ಯದ ಶೇಕಡಾವಾರು ಇದೆ. ಕಾರಿನ ಗಾಜಿಗೆ ಅಂಟಿಸಲು ಏನೂ ಇಲ್ಲ. ಕೇಳಿದರೆ ಟ್ರಾಫಿಕ್‌ನವರು ಪಾಲಿಕೆಯತ್ತ, ಪಾಲಿಕೆಯವರು ಇಲಾಖೆಯತ್ತ ಬೆರಳು ತೋರಿಸುತ್ತಾರೆ.

ಅಂಟಿಸುವ ಮಾತು ಬಂತು ನೋಡಿ. 'ಪ್ರೆಸ್', 'ಅಡ್ವೊಕೇಟ್', 'ಪೊಲೀಸ್', ಎಂದೂ ಸಭೆ ಸೇರದ ಸಂಘದ 'ಅಧ್ಯಕ್ಷರು': ಇವರಾರಿಗೂ ಇಸಾ ಇಲ್ಲ, ವೈದ್ಯರ ಸಹಿ ಬೇಕಿಲ್ಲ. ರೇಡಿಯಂ ಕಟಿಂಗ್ ಅಂಗಡಿಯವನೇ ಮೆಡಿಕಲ್ ಬೋರ್ಡು. ನೀಲಿ ಜಾಗದಲ್ಲಿ ಗಾಡಿ ಬಿಟ್ಟು ಗಿರ್ಮಿಟ್ ತಿನ್ನಲು ಹೋಗುತ್ತಾರೆ, ಸೆಕ್ಯುರಿಟಿಯವ ಸಲಾಮು ಹೊಡೆಯುತ್ತಾನೆ. ಹತ್ತು ಹೆಜ್ಜೆ ನಡೆಯಲಾಗದ ಇವರ ಕಾಯಿಲೆಯನ್ನು ಕಾಯ್ದೆಗೆ 22ನೆಯದಾಗಿ ಸೇರಿಸಿಬಿಟ್ಟರೆ ಒಳ್ಳೆಯದು.

ಕಾಗದದ ಮೇಲಿನ ನಿಯಮವೇನೋ ಬಂಗಾರ. ಅಂಗವಿಕಲರ ಪಾರ್ಕಿಂಗ್ ಜಾಗ ಕಟ್ಟಡದ ಬಾಗಿಲಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲ. ಆ ಅಗಲ ಗಾಲಿಕುರ್ಚಿಗಷ್ಟೇ ಅಲ್ಲ. ಹಿಂಬಾಗಿಲು ಪೂರ್ತಿ ತೆರೆದು, ಅದಕ್ಕೆ ಅಡ್ಡ ನಿಂತು, ಮೊದಲು ಮಗುವಿನ ಮಣಿಕಟ್ಟು ಹಿಡಿದು ಆಮೇಲೆ ಬೆಲ್ಟ್ ಬಿಚ್ಚಬೇಕು. ಇಕ್ಕಟ್ಟಿನಲ್ಲಿ ಬಾಗಿಲು ಒಂದಡಿಯಷ್ಟೇ ತೆರೆಯುತ್ತದೆ. ದೊಡ್ಡವರು ತೂರಲಾರದ ಆ ಸಂದಿಯಲ್ಲಿ ಮಗು ನುಸುಳಿಕೊಂಡು ರಸ್ತೆಗೆ ಬಿದ್ದಿರುತ್ತದೆ. ಚೈಲ್ಡ್ ಲಾಕ್ ಐತಲ್ರೀ ಅನ್ನಬೇಡಿ. ಅದು ಒಳಗಿನಿಂದ ತೆರೆಯುವುದನ್ನು ತಡೆಯುತ್ತದೆ, ಹೊರಗಿನಿಂದ ನೀವೇ ತೆರೆದ ಮೇಲೆ ಅದರ ಕೆಲಸ ಮುಗಿಯಿತು.

ಇಂಗ್ಲೆಂಡಿನಲ್ಲಿ 2019ರ ಆಗಸ್ಟ್ 30ರಿಂದ ಕಣ್ಣಿಗೆ ಕಾಣದ ಅಂಗವೈಕಲ್ಯಕ್ಕೂ ಪಾರ್ಕಿಂಗ್ ಬ್ಯಾಡ್ಜ್ ಸಿಗುತ್ತಿದೆ. ನಮ್ಮಲ್ಲಿ ಕುರ್ಚಿ ಕಂಡರಷ್ಟೇ ಕನಿಕರ.

ಸಾಕು, ನಗು ಬರುತ್ತಿಲ್ಲ. ಹಾರ್ನಿಗೆ ಬೆದರಿದ ಮಗು ಎತ್ತ ಓಡುತ್ತದೋ ಹೆತ್ತವರಿಗೂ ಗೊತ್ತಿರುವುದಿಲ್ಲ. ಚೆನ್ನಮ್ಮ ಸರ್ಕಲ್ಲಿನಲ್ಲಿ ಓಡಿದರೆ ಏನಾಗುತ್ತದೆಂದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು. ಒಂದು ಚೀಟಿ ಕೊಡಿ: ಯುಡಿಐಡಿ ಸಂಖ್ಯೆ, ಅವಧಿ, ಸೀಲು. ಮಗು ಗಾಡಿಯಲ್ಲಿದ್ದಾಗ ಮಾತ್ರ ನಡೆಯುತ್ತದೆ ಎಂದೂ ಬರೆಯಿರಿ. ಇದಕ್ಕೆ ಸ್ಮಾರ್ಟ್ ಸಿಟಿ ಅನುದಾನ ಬೇಕಿಲ್ಲ, ಝೆರಾಕ್ಸ್ ಅಂಗಡಿ ಸಾಕು.