ಬಸವನಹುಳುವಿನ ಹೊಕ್ಕುಳು

ಕಾಡಿನಲ್ಲಿ ಹುಲಿ ಕಂಡೆ ಅಂದರೆ ಜನ ನಂಬಿಬಿಡುತ್ತಾರೆ. ಅಪರೂಪದ ಬಸವನಹುಳು ಕಂಡೆ ಅಂದುನೋಡಿ, ಪಂಚನಾಮೆ ಶುರು.

ನಾನು ಮತ್ತು ಗೆಳೆಯ ಕೊಳೆತ ಮರದ ದಿಮ್ಮಿ ಹೊರಳಿಸಿದಾಗ ತರಗೆಲೆಯ ಕೆಳಗೆ ಅದು ಕೂತಿತ್ತು. ಸಿಪ್ಪೆಯಷ್ಟು ತೆಳು ಚಿಪ್ಪು, ಕಂದು ಬಣ್ಣ. ತಿಳಿದವರಿಗೆ ಫೋಟೋ ಕಳಿಸಿದೆವು. ತಕ್ಷಣ ಉತ್ತರ ಬಂತು: “ಹೊಕ್ಕುಳು ಕಾಣ್ತಿಲ್ಲ.”

ಹೌದು, ಅದಕ್ಕೂ ಹೊಕ್ಕುಳು ಇದೆ! ಚಿಪ್ಪಿನ ಅಡಿಯಲ್ಲಿ, ಸುರುಳಿಗಳ ನಡುವಿನ ಕುಳಿಗೆ ಹಾಗೆ ಹೇಳುತ್ತಾರೆ. ಕೆಲವು ಜಾತಿಗಳಲ್ಲಿ ಅದು ಅಗಲವಾಗಿ ತೆರೆದಿರುತ್ತದೆ, ಕೆಲವುದರಲ್ಲಿ ಪೂರ್ತಿ ಮುಚ್ಚಿರುತ್ತದೆ. ಸುರುಳಿ ಎಷ್ಟು, ಅಗಲ ಎಷ್ಟು ಮಿಲಿಮೀಟರ್, ಚಿಪ್ಪಿನ ಬಾಯಂಚು (ಹುಳು ಹೊರಬರುವ ಕಡೆಯ ಅಂಚು) ದಪ್ಪವಾಗಿದೆಯಾ, ಎಲ್ಲಾ ಹೇಳಬೇಕು. ಎಷ್ಟೋ ಜಾತಿಗಳಲ್ಲಿ ಬೆಳೆದ ಮೇಲೇ ಬಾಯಂಚು ದಪ್ಪವಾಗುವುದು. ಮರಿಯಾದರೆ ದೊಡ್ಡ ದೊಡ್ಡ ಪಂಡಿತರೂ ತಲೆ ಕೆರೆದುಕೊಳ್ಳುತ್ತಾರೆ.

ಗೆಳೆಯನಿಗೆ ಇದೆಲ್ಲಕ್ಕಿಂತ ತನ್ನ ಮುಖವೂ ಫೋಟೋದಲ್ಲಿ ಬರುವುದು ಮುಖ್ಯ. ಹುಳುವನ್ನು ಎತ್ತಿ ಹಿಡಿದು ಸೆಲ್ಫಿ ತೆಗೆದು ಕಳಿಸಿಯೇಬಿಟ್ಟ. ಆ ಕಡೆಯಿಂದ ಫೋನೇ ಬಂತು. ದನಿ ನಡುಗುತ್ತಿತ್ತು. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆ ಇರುವಂತೆ ಹಿಡಿದಾಗ ಬಾಯಿ ಬಲಕ್ಕಿದ್ದರೆ ಬಲಸುರುಳಿ. ಹೆಚ್ಚಿನ ಬಸವನಹುಳುಗಳು ಹೀಗೇ. ನಮ್ಮದು ಎಡಸುರುಳಿ! 2016ರಲ್ಲಿ ಇಂಗ್ಲೆಂಡಿನಲ್ಲಿ ಜೆರೆಮಿ ಅನ್ನೋ ಎಡಸುರುಳಿಯ ತೋಟದ ಬಸವನಹುಳುವಿಗೆ ಜೋಡಿ ಹುಡುಕಲು ವಿಜ್ಞಾನಿಗಳು ಊರೆಲ್ಲಾ ಡಂಗುರ ಸಾರಿದ್ದರು. ಸಿಕ್ಕ ಎರಡೂ ಎಡಸುರುಳಿಗಳು ಜೆರೆಮಿಯನ್ನು ಬಿಟ್ಟು ಮೊದಲು ತಮ್ಮತಮ್ಮಲ್ಲೇ ಕೂಡಿಕೊಂಡವು. ಪಾಪ, ಅಲ್ವಾ?

ನಮ್ಮ ಸಂಭ್ರಮ ಜಾಸ್ತಿ ಹೊತ್ತು ಉಳಿಯಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದರೆ ಗೆಳೆಯನ ಟೀಶರ್ಟಿನ ಅಕ್ಷರಗಳೂ ತಿರುಗುಮುರುಗು. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ಎಡಬಲ ಬದಲಿಸಿತ್ತು. ಫೋನಿನ ಆ ಕಡೆ ಒಂದು ನಿಟ್ಟುಸಿರು. “ಹೋಗ್ಲಿ ಬಿಡಿ. ಎಲ್ಲಿ ಸಿಕ್ತು? ಯಾವ ಮರ? ಮಣ್ಣಿನಲ್ಲಿ ಸುಣ್ಣದ ಅಂಶ ಇದೆಯಾ?”

ಇದು ಸುಮ್ನೆ ಕೇಳಿದ್ದಲ್ಲ. ಚಿಪ್ಪು ಕಟ್ಟಲು ಸುಣ್ಣ ಬೇಕು, ಮೈ ಒಣಗದಿರಲು ತೇವ ಬೇಕು. ಕೆಲವು ಹುಳುಗಳು ಹಳೆಯ ಕಾಡಿನ ಕೊಳೆತ ಮರ ಬಿಟ್ಟು ಬೇರೆ ಕಡೆ ಬದುಕುವುದೇ ಇಲ್ಲ. ಆದ್ದರಿಂದ ಹೆಸರಿನಷ್ಟೇ ವಿಳಾಸವೂ ಮುಖ್ಯ. ದಿಮ್ಮಿಯನ್ನು ಇದ್ದ ಹಾಗೇ ಮಗುಚಿ ಇಡಬೇಕು ಅನ್ನುವುದೂ ಅದಕ್ಕೇ.

ಜಾಗ, ಮರ, ಮಣ್ಣು ಎಲ್ಲವನ್ನೂ ಗೆಳೆಯ ಚೀಟಿಯಲ್ಲಿ ನೀಟಾಗಿ ಬರೆದು, ಒಂದು ರಾತ್ರಿಯ ಮಟ್ಟಿಗೆ ಹುಳುವಿನ ಜೊತೆ ಡಬ್ಬಿಯಲ್ಲೇ ಇಟ್ಟಿದ್ದ. ಬಸವನಹುಳು ಕಾಗದ ತಿನ್ನುತ್ತದೆ. ಬೆಳಗ್ಗೆ ನೋಡಿದರೆ ತಾರೀಖು ಮಾತ್ರ ಉಳಿದಿತ್ತು.