ಪ್ಲಾಸ್ಟರ್ ತುಂಡನ್ನು ಓವನ್‌ನಲ್ಲಿ ಬೇಯಿಸಬೇಡಿ

ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆ ಇಟ್ಟು ಆಡುವ ವಾರ್‌ಗೇಮ್ ಆಟಕ್ಕೆ ಪುಟ್ಟ ಕೋಟೆ, ಬಂಡೆ, ಪಾಳುಗೋಡೆ ಮಾಡುವವರ ನಡುವೆ ಒಂದು ಮಾತು ಓಡಾಡುತ್ತಿದೆ. ಸಿಲಿಕೋನ್ ಅಚ್ಚಿನಿಂದ ತೆಗೆದ ಪ್ಲಾಸ್ಟರ್ ತುಂಡನ್ನು 150 ಡಿಗ್ರಿ ಓವನ್‌ನಲ್ಲಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ಇದು ತಪ್ಪು.

ಪ್ಲಾಸ್ಟರ್ ಅಂದರೆ ಜೇಡಿಮಣ್ಣಲ್ಲ. ಜಿಪ್ಸಮ್ ಕಲ್ಲನ್ನು ಹೆಚ್ಚುಕಡಿಮೆ ಅದೇ 150 ಡಿಗ್ರಿಯಲ್ಲಿ ಕಾಯಿಸಿ, ಅದರೊಳಗೆ ಸೇರಿಕೊಂಡ ನೀರಿನ ಮುಕ್ಕಾಲು ಪಾಲು ಓಡಿಸಿದರೆ ಸಿಗುವ ಪುಡಿಯೇ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಕಲಸಿದಾಗ ಅದು ನೀರನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಗ ಅಚ್ಚಿನ ಮೇಲೆ ಬೆರಳಿಟ್ಟು ನೋಡಿ, ಬೆಚ್ಚಗಿರುತ್ತದೆ. ಗಟ್ಟಿಯಾಗುವ ಕೆಲಸ ನಡೆಯುವುದೇ ಅಲ್ಲಿ. ಓವನ್‌ನಲ್ಲಿಟ್ಟರೆ ಅದೇ ನೀರು ಮತ್ತೆ ಹೊರಡುತ್ತದೆ. ಅಷ್ಟು ಚೆನ್ನಾಗಿ ಮೂಡಿದ ಇಟ್ಟಿಗೆಯ ಅಂಚು ಉಗುರು ತಾಗಿದರೆ ಪುಡಿಪುಡಿ. ಎಷ್ಟು ಬೇಜಾರು ಅಲ್ವಾ?

ಒಣಗಿಸಬೇಕು ಅನ್ನುವುದೇನೋ ನಿಜ. ಮಿಕ್ಕ ತೇವ ಹೋದ ಮೇಲೆ ತುಂಡಿನ ಬಲ ಸುಮಾರು ಎರಡರಷ್ಟಾಗುತ್ತದೆ. ಅದಕ್ಕೆ ಫ್ಯಾನ್ ಗಾಳಿ ಸಾಕು. ಬಿಸಿ ಕೊಡಲೇಬೇಕಿದ್ದರೆ 45 ಡಿಗ್ರಿ ದಾಟಿಸಬೇಡಿ.

ಬಲ ಬೇಕಾದರೆ ನೀರಿನ ಕಡೆ ಗಮನ ಕೊಡಿ. 100 ಗ್ರಾಂ ಪುಡಿ ಹಿಡಿದುಕೊಳ್ಳುವುದು 19 ಮಿಲಿಗಿಂತ ಕಡಿಮೆ ನೀರು. ಉಳಿದದ್ದೆಲ್ಲ ಕಲಸಲಿಕ್ಕೆ, ಆಮೇಲೆ ಅದು ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಪಿಒಪಿಗೆ 50 ಮಿಲಿ ಬೇಕಾಗುತ್ತದೆ. ಹಲ್ಲಿನ ಲ್ಯಾಬ್‌ಗಳಲ್ಲಿ ಬಳಸುವ ಡೆಂಟಲ್ ಸ್ಟೋನ್ ಅನ್ನುವ ಜಿಪ್ಸಮ್ ಪುಡಿಗೆ ಸುಮಾರು 30 ಸಾಕು. ಸ್ವಲ್ಪ ಜಾಸ್ತಿ ದುಡ್ಡಾದರೂ ಮೂಲೆ ಮುರಿಯದ ಗೋಡೆ ಬೇಕಿದ್ದರೆ ಅದನ್ನೇ ತನ್ನಿ.