ಸತ್ತು ಹುಟ್ಟಿದವನಿಗೆ 125

ಸತ್ತ ಮೇಲೆ ಮನುಷ್ಯನ ಗತಿ ಏನು ಎಂದು ನಮ್ಮ ಹಿರಿಯರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡರು. 1999ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಐಡಿ ಸಾಫ್ಟ್‌ವೇರ್ ಎಂಬ ಕಂಪನಿ ಅದಕ್ಕೊಂದು ಖಚಿತ ಉತ್ತರ ಕೊಟ್ಟಿತು. ಸತ್ತವನು ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಅಖಾಡದ ಇನ್ನೊಂದು ಮೂಲೆಯಲ್ಲಿ ಎದ್ದು ನಿಲ್ಲುತ್ತಾನೆ. ಕೈಯಲ್ಲಿ ಒಂದು ಮಷಿನ್ ಗನ್, ಅದರಲ್ಲಿ 100 ಗುಂಡು, ಮೈಯಲ್ಲಿ 125 ಅಂಶ ಪ್ರಾಣ. ಹಿಂದಿನ ಜನ್ಮದ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಗಳಿಸಿದ ರಾಕೆಟ್ ಲಾಂಚರ್ ಹೆಣದ ಜೊತೆಗೇ ಹೋಯಿತು, ಅದನ್ನು ಆಗಲೇ ಬೇರೆ ಯಾರೋ ಎತ್ತಿಕೊಂಡಿರುತ್ತಾರೆ.

ಆ ಉತ್ತರ ಒಂದು ಕಂಪ್ಯೂಟರ್ ಆಟ, ಎದುರಾದವರನ್ನೆಲ್ಲ ಗುಂಡಿಕ್ಕಿ ಉರುಳಿಸುವ ಆಟ. ಹೆಸರು ಕ್ವೇಕ್ 3 ಅರೀನಾ. 125ರಲ್ಲಿ ಹೆಚ್ಚುವರಿ 25 ಸೆಕೆಂಡಿಗೆ ಒಂದರಂತೆ ಕರಗಿ 100ಕ್ಕೆ ಬಂದು ನಿಲ್ಲುತ್ತದೆ. ಅದರಲ್ಲಿನ ರೈಲ್‌ಗನ್ ಎಂಬ ಬಂದೂಕಿನ ಒಂದು ಏಟಿಗೆ ಹೋಗುವುದು ಸರಿಯಾಗಿ 100. ಅಂದರೆ ಈಗಷ್ಟೇ ಹುಟ್ಟಿದವನು ಒಂದು ಏಟು ತಿಂದೂ ಬದುಕುತ್ತಾನೆ, ಅರ್ಧ ನಿಮಿಷ ಅಡ್ಡಾಡಿದವನು ಮೈಮೇಲೆ ಕವಚ ತೊಡದಿದ್ದರೆ ಒಂದೇ ಏಟಿಗೆ ಹೋಗುತ್ತಾನೆ. ಈ ಸಣ್ಣ ಲೆಕ್ಕದಲ್ಲಿರುವ ದಯೆಯನ್ನು ಆಮೇಲೆ ಬಂದ ಯಾವ ಆಟದಲ್ಲೂ ನಾನು ಕಾಣಲಿಲ್ಲ.

ನಾವು ಅದನ್ನು ಆಡಿದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಮುಂದೆ ಎಸ್‌ಟಿಡಿ ಬೂತು, ಹಿಂದೆ ಪ್ಲೈವುಡ್ ಹಲಗೆಯ ಮರೆಯಲ್ಲಿ ಆರು ಕಂಪ್ಯೂಟರು, ಅವನ್ನು ಬೆಸೆಯುವ ಒಂದು ಹಬ್. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಮೊದಮೊದಲು ಆ ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಕ್ವೇಕ್ 3ಕ್ಕೆ ಕಾರ್ಡ್ ಇಲ್ಲದೆ ನಡೆಯುವುದಿಲ್ಲ, ಅದಕ್ಕೆ ಕೆಲವೇ ದಿನ ಮೊದಲು ಬಂದಿದ್ದ ಅನ್‌ರಿಯಲ್ ಟೂರ್ನಮೆಂಟ್ ಎಂಬ ಇಂಥದ್ದೇ ಆಟ ಹೇಗೋ ತೆವಳಿಕೊಂಡಾದರೂ ನಡೆಯುತ್ತಿತ್ತು. ಹೀಗಾಗಿ ಆಮೇಲೆ ಕಾರ್ಡ್ ಬಂದರೂ ನಮ್ಮಲ್ಲಿ ಕೆಲವರು ಅನ್‌ರಿಯಲ್ ಪಂಥದವರಾಗಿಯೇ ಉಳಿದರು. ಬಾಹ್ಯಾಕಾಶದಲ್ಲಿ ತೇಲುವ ಬಂಡೆಯ ಮೇಲೆ ಎದುರುಬದುರು ನಿಂತ ಎರಡು ಗೋಪುರಗಳ ಆ ಮೈದಾನದ ಹೆಸರೆತ್ತಿದರೆ ಅವರ ಕಣ್ಣು ಇಂದಿಗೂ ಮಿನುಗುತ್ತದೆ. ನಾನು ಅವರ ಜೊತೆ ವಾದಕ್ಕೆ ಹೋಗುವುದಿಲ್ಲ. ಕ್ವೇಕೇ ಮೇಲು ಎಂದು ಹೇಳಿ ಸುಮ್ಮನಾಗುತ್ತೇನೆ.

ಮೌಸಿನ ವಿಷಯವನ್ನು ಮಾತ್ರ ಬಿಡುವಂತಿಲ್ಲ. ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರು ಹೊದ್ದ ಭಾರದ ಗುಂಡೊಂದು ಇರುತ್ತಿತ್ತು. ಅದು ಉರುಳುವಾಗ ಒಳಗಿನ ಪುಟ್ಟ ಉರುಳೆಗಳನ್ನು ತಿರುಗಿಸಬೇಕು, ಆಗಲೇ ಪರದೆಯ ಮೇಲೆ ನಮ್ಮ ಗುರಿ ಸರಿಯುವುದು. ಮೇಜಿನ ಧೂಳು, ಅಂಗೈಯ ಬೆವರು, ಮಿರ್ಚಿ ಭಜಿಯ ಎಣ್ಣೆ ಎಲ್ಲ ಸೇರಿ ಆ ಉರುಳೆಗಳ ಮೇಲೆ ಕಪ್ಪು ಪಟ್ಟಿಯಾಗಿ ಕೂರುತ್ತಿತ್ತು. ಆಗ ಗುರಿ ಎಡಕ್ಕೆ ಸಲೀಸಾಗಿ ಹೋಗುತ್ತದೆ, ಬಲಕ್ಕೆ ಬರುವಾಗ ಕುಂಟುತ್ತದೆ. ಆಟಕ್ಕೆ ಮುಂಚೆ ಎಲ್ಲರೂ ಮೌಸನ್ನು ಮಗುಚಿ ಹಾಕಿ, ಮುಚ್ಚಳ ತಿರುವಿ, ಗುಂಡು ಹೊರತೆಗೆದು, ಪೆನ್ನಿನ ರೀಫಿಲ್ ತುದಿಯಿಂದ ಆ ಕೊಳೆಯನ್ನು ಕೆರೆಯುತ್ತ ಕೂರುತ್ತಿದ್ದೆವು. ಪಟ್ಟಿ ಹರಿಯದೆ ಇಡಿಯಾಗಿ ಸುಲಿದು ಬಂದರೆ ಆ ದಿನ ಗೆಲುವು ಖಾತ್ರಿ ಎಂಬ ನಂಬಿಕೆಯೂ ಇತ್ತು. ಈ ಗುಂಡುಗಳು ಆಗಾಗ ಕಾಣೆಯಾಗುತ್ತಿದ್ದುದರಿಂದ ಕಾಕಾ ಅವನ್ನು ಚಿಲ್ಲರೆ ಡಬ್ಬಿಯಲ್ಲಿ ಬೀಗ ಹಾಕಿ ಇಡುತ್ತಿದ್ದರು. ತಾಸಿನ ಹಣ ಕೊಟ್ಟರೆ ಕೈಗೊಂದು ಗುಂಡು, ಏಳುವಾಗ ವಾಪಸ್ಸು.

ಬೂತಿಗೂ ನಮಗೂ ನಡುವೆ ಇದ್ದುದು ಪ್ಲೈವುಡ್ ಒಂದೇ. ಎರಡು ಸೆಕೆಂಡಿನೊಳಗೆ ಇಬ್ಬರನ್ನು ಉರುಳಿಸಿದರೆ ಆಟದೊಳಗಿನ ಗಡಸು ದನಿ ‘ಎಕ್ಸಲೆಂಟ್’ ಎನ್ನುತ್ತದೆ. ರೈಲ್‌ಗನ್ ಸತತ ಎರಡು ಬಾರಿ ಗುರಿ ಮುಟ್ಟಿದರೆ ‘ಇಂಪ್ರೆಸಿವ್’. ಫೋನ್ ಮಾಡಲು ಬಂದ ಹಿರಿಯರೊಬ್ಬರು ಇದನ್ನು ಕೇಳಿಸಿಕೊಂಡು, “ಒಳಗೆ ಯಾವ ಮಾಸ್ತರರು ಪಾಠ ಹೇಳುತ್ತಿದ್ದಾರೆ? ಹುಡುಗರನ್ನು ಬಹಳ ಹುರಿದುಂಬಿಸುತ್ತಾರೆ” ಎಂದು ವಿಚಾರಿಸಿದ್ದರು. ಕಾಕಾ ಮುಖದ ಗೆರೆ ಅಲುಗಿಸದೆ, “ಕಂಪ್ಯೂಟರ್ ಕೋರ್ಸು ನಡೆದಿದೆ ರೀ” ಎಂದರು.

ಹೊರಗಿನವರಿಗೆ ಇದೆಲ್ಲ ಬರೀ ಢಂಢಂ. ಒಳಗಿನ ಲೆಕ್ಕ ಬೇರೆಯೇ ಇತ್ತು. ಎತ್ತಿಕೊಂಡ ಬಂದೂಕು ಐದು ಸೆಕೆಂಡಿಗೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ, ಕವಚ 25 ಸೆಕೆಂಡಿಗೆ, ಪ್ರಾಣವನ್ನು 200ರವರೆಗೆ ಏರಿಸಬಲ್ಲ ಮೆಗಾ ಹೆಲ್ತ್ 35 ಸೆಕೆಂಡಿಗೆ. ಗುರಿ ಎಷ್ಟೇ ಚುರುಕಾಗಿದ್ದರೂ ಇದನ್ನು ಎಣಿಸದವನು ಸೋಲುತ್ತಾನೆ. ನಮ್ಮ ಗುಂಪಿನಲ್ಲಿ ಗುಳೇದಗುಡ್ಡದ ಒಬ್ಬನಿದ್ದ. ಮನಸ್ಸಿನಲ್ಲಿ ಎಣಿಸುವುದು ಅವನಿಗೆ ಬರುತ್ತಿರಲಿಲ್ಲ, ಬಾಯಿಬಿಟ್ಟೇ ಎಣಿಸಬೇಕು. “ಇಪ್ಪತ್ತೊಂದು, ಇಪ್ಪತ್ತೆರಡು” ಎಂದು ಅವನ ಗೊಣಗು ಶುರುವಾದರೆ ಆರೂ ಜನ ಅದನ್ನು ಕೇಳಿಕೊಂಡು ಮೂವತ್ತೈದನೆಯ ಸೆಕೆಂಡಿಗೆ ಅಲ್ಲಿ ಹಾಜರು. ಅವನು ಜಾಣ. ಒಂದು ದಿನ ಬೇಕೆಂದೇ ಐದು ಅಂಕಿ ಹಿಂದೆ ಎಣಿಸಿದ. ನಾವೆಲ್ಲ ಹೊತ್ತು ಮೀರಿ ಬಂದು ಖಾಲಿ ಕಟ್ಟೆಯ ಸುತ್ತ ನೆರೆದಾಗ ಅವನು 200 ಪ್ರಾಣ ತುಂಬಿಕೊಂಡು ಮೇಲಿನ ಅಟ್ಟದಲ್ಲಿ ರಾಕೆಟ್ ಲಾಂಚರ್ ಹಿಡಿದು ಕಾಯುತ್ತಿದ್ದ.

ಓಟದ ಗುಟ್ಟು ಇನ್ನೂ ಸೊಗಸಾದದ್ದು. ನೇರ ಓಡಿದರೆ ಎಲ್ಲರ ವೇಗವೂ ಒಂದೇ. ಓರೆಯಾಗಿ ನೆಗೆಯುತ್ತ, ನೆಗೆತ ನೆಗೆತಕ್ಕೂ ಮೌಸನ್ನು ತುಸು ತಿರುಗಿಸುತ್ತ ಹೋದರೆ ವೇಗ ಏರುತ್ತಲೇ ಹೋಗುತ್ತದೆ. ಇದು ಬೇಕೆಂದು ಇಟ್ಟದ್ದಲ್ಲ, ಲೆಕ್ಕದೊಳಗಿನ ದೋಷ. 2005ರಲ್ಲಿ ಆಟದ ಮೂಲ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ತೆರೆದು ನೋಡಿದರೆ ಆ ದೋಷವಿಲ್ಲದ ಸರಿಯಾದ ವಿಧಾನವೂ ಪಕ್ಕದಲ್ಲೇ ಇದೆ. ಆದರೆ ಅದನ್ನು ಚಾಲ್ತಿಯಲ್ಲಿ ಇಟ್ಟಿಲ್ಲ. ಇದೇ ಸರಿ, ಆದರೆ ಆಡಲು ಹಿತವಾಗುವುದಿಲ್ಲ ಎಂಬರ್ಥದ ಟಿಪ್ಪಣಿ ಅಲ್ಲೇ ಇದೆ. ಸರಿಯಾದದ್ದನ್ನು ಬರೆದೂ ಹಿತವಾದದ್ದನ್ನೇ ಉಳಿಸಿಕೊಂಡ ಆ ಪ್ರೋಗ್ರಾಮರನಿಗೆ ನನ್ನ ನಮಸ್ಕಾರ. ಇಂಥ ವಿವೇಕ ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮ ಸಮಿತಿಗಳಿಗೂ ಇದ್ದಿದ್ದರೆ ಎಂದು ಆಸೆಯಾಗುತ್ತದೆ.

ಈ ಆಟದಲ್ಲಿ ಅಷ್ಟು ಹೊಡೆದಾಡಿಯೂ ಜಗಳ ಯಾಕೆ ಬೆಳೆಯುತ್ತಿರಲಿಲ್ಲ ಎಂದು ಯೋಚಿಸಿದರೆ ನನಗೆ ನೆನಪಾಗುವುದು ನಮ್ಮೂರ ಹೋಳಿ. ಕೋಲ್ಕತ್ತಾ ಬಿಟ್ಟರೆ ನಮ್ಮದೇ ಎಂದು ಬಾಗಲಕೋಟೆಯವರು ಎದೆ ತಟ್ಟಿಕೊಳ್ಳುವ ಹಬ್ಬ ಅದು. ಕಿಲ್ಲಾದವರು, ಹಳಪೇಟೆಯವರು, ವೆಂಕಟಪೇಟೆಯವರು ಬ್ಯಾರಲ್ಲುಗಟ್ಟಲೆ ಬಣ್ಣ ತುಂಬಿದ ಬಂಡಿ ಹೂಡಿಕೊಂಡು ಹಲಗೆ ಬಾರಿಸುತ್ತ ಬರುತ್ತಾರೆ, ಎದುರಾದ ಬಂಡಿಯ ಮೇಲೆ ಬಣ್ಣ ಎರಚುತ್ತಾರೆ. ಮೈ ತೊಯ್ದವನು ಮನೆಗೆ ಹೋಗಿ ಅಳುತ್ತ ಕೂರುವುದಿಲ್ಲ, ಬಕೆಟ್ ತುಂಬಿಕೊಂಡು ಮತ್ತೆ ಹೊರಡುತ್ತಾನೆ. ಎಲ್ಲರ ಬಕೆಟ್ಟಿಗೂ ಅದೇ ಬ್ಯಾರಲ್ಲಿನ ಬಣ್ಣ. ಯಾರ ಬಣ್ಣವೂ ಹೋದ ವರ್ಷದ ಗೆಲುವಿನಿಂದ ಹೆಚ್ಚು ಗಾಢವಾಗಿರುವುದಿಲ್ಲ.

ಈಗಿನ ಆಟಗಳಲ್ಲಿ ನನಗೆ ಸೇರದಿರುವುದು ಇದೇ. ಹೆಚ್ಚು ಆಡಿದವನಿಗೆ ಒಳ್ಳೆಯ ಬಂದೂಕು, ಹೆಚ್ಚು ಹಣ ಕೊಟ್ಟವನಿಗೆ ಚಂದದ ಅಂಗಿ. ನನ್ನ ಅಣ್ಣನ ಮಗ ಮೊಬೈಲಿನಲ್ಲಿ ನೂರು ಜನರ ಜೊತೆ ಆಡುತ್ತಾನೆ, ಅವನನ್ನು ಕೊಂದವರು ಯಾರೆಂದು ಅವನಿಗೆ ಗೊತ್ತೇ ಆಗುವುದಿಲ್ಲ. ನನ್ನನ್ನು ಕೊಂದವನು ಮೂರನೆಯ ಕುರ್ಚಿಯಲ್ಲಿ ಕೂತು ಹಲ್ಲು ಕಿಸಿಯುತ್ತಿದ್ದ, ತಿರುಗಿ ಎರಡು ಮಾತು ಆಡಬಹುದಿತ್ತು.

ಹಾಗೆಂದು ಕ್ವೇಕಿನಂಥ ಅಖಾಡದ ಆಟಗಳು ಅನ್ಯಾಯವಾಗಿ ಸತ್ತವು ಎಂದು ನಾನು ಹೇಳುವುದಿಲ್ಲ. ಹೊಸಬನಿಗೆ ಅವು ಕ್ರೂರ. ಪಳಗಿದವನ ಮುಂದೆ ಹೊಸಬ ಕೂತರೆ ಹದಿನೈದು ನಿಮಿಷದಲ್ಲಿ ಮೂವತ್ತು ಬಾರಿ ಸಾಯುತ್ತಾನೆ, ತಂಡದವರು ಕೈಕೊಟ್ಟರು ಎಂದು ಹೇಳಿಕೊಳ್ಳಲು ತಂಡವೂ ಇರುವುದಿಲ್ಲ. ನಮ್ಮ ಕೆಫೆಯಲ್ಲೂ ಹುಡುಗರು ಒಬ್ಬೊಬ್ಬರಾಗಿ ಕೌಂಟರ್ ಸ್ಟ್ರೈಕ್ ಎಂಬ ತಂಡದ ಆಟಕ್ಕೆ ಹೋದರು. ಅದರಲ್ಲಿ ಸತ್ತವನು ಸುತ್ತು ಮುಗಿಯುವವರೆಗೆ ಸುಮ್ಮನೆ ಕೂರಬೇಕು. ಇದರಿಂದ ಪಕ್ಕದ ಭಜಿ ಅಂಗಡಿಗೆ ಒಳ್ಳೆಯ ವ್ಯಾಪಾರವಾಯಿತು.

ಅನ್‌ರಿಯಲ್ ಪಂಥದವರ ಕಥೆ ಇನ್ನೂ ಬೇಸರದ್ದು. ಅನ್‌ರಿಯಲ್ ಆಟಗಳ ಒಡೆಯನಾದ ಎಪಿಕ್ ಕಂಪನಿ 2022ರ ಡಿಸೆಂಬರಿನಲ್ಲಿ ಆ ಹಳೆಯ ಆಟಗಳನ್ನು ಆನ್‌ಲೈನ್ ಅಂಗಡಿಗಳಿಂದಲೇ ತೆಗೆಯಿತು. ಕ್ವೇಕಿಗೆ ಆ ಚಿಂತೆಯಿಲ್ಲ. ಬಿಟ್ಟುಕೊಟ್ಟ ಸಂಕೇತದಿಂದ ಹುಟ್ಟಿದ ಓಪನ್‌ಅರೀನಾ ಎಂಬ ಉಚಿತ ಆಟ ಯಾವ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನಾವು ನಾಲ್ವರು ನವನಗರದ ನನ್ನ ಮನೆಯಲ್ಲಿ ಅದನ್ನೇ ಹಾಕಿಕೊಂಡು ಕೂತೆವು. ಬೆರಳು ಮೊದಲಿನ ಹಾಗೆ ಓಡುವುದಿಲ್ಲ, ಒಬ್ಬನಿಗೆ ಕನ್ನಡಕ ಹಣೆಗೇರಿಸದೆ ಪರದೆಯೇ ಕಾಣುವುದಿಲ್ಲ. ಗುಳೇದಗುಡ್ಡದವನು ಈಗ ಬ್ಯಾಂಕಿನಲ್ಲಿ ಮ್ಯಾನೇಜರ್. ಅವನ ಹೆಂಡತಿಯ ಫೋನು ಬಂದದ್ದು ಸರಿಯಾಗಿ ಮೆಗಾ ಹೆಲ್ತ್ ಎತ್ತಿಕೊಂಡ ಹೊತ್ತಿಗೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, “ಹೊರಟೆ, ಐದೇ ನಿಮಿಷ” ಎಂದ. ಆಮೇಲೆ ಅವನ ಬಾಯಿ ತನ್ನ ಪಾಡಿಗೆ ತಾನು ಹದಿನೆಂಟು, ಹತ್ತೊಂಬತ್ತು ಎನ್ನತೊಡಗಿತು. ಏನು ಎಣಿಸುತ್ತಿದ್ದೀರಿ ಎಂದು ಆ ಕಡೆಯಿಂದ ಕೇಳಿದ್ದು ನಮಗೂ ಕೇಳಿಸಿತು.

“ಕ್ಯಾಶು” ಎಂದ, “ಟ್ಯಾಲಿ ಆಗುತ್ತಿಲ್ಲ.”